ಹೊನ್ನಯ್ಯನವರ ಕೆಳಗಿನ ಐದು ಗೆರೆ

ಕಂಡಕ್ಟರ್ ಹೊನ್ನಯ್ಯನವರ ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವ ಹಾಗಿರಲಿಲ್ಲ. ಹಾಸನದ ಸ್ಟ್ಯಾಂಡಿಗೆ ಚನ್ನರಾಯಪಟ್ಟಣದ ಗಾಡಿ ಬಂದು ನಿಲ್ಲುವುದರೊಳಗೆ ಕಿಟಕಿಯಿಂದ ಟವೆಲ್ಲು, ಕರ್ಚೀಫು, ಕೈಚೀಲ, ಒಮ್ಮೊಮ್ಮೆ ಹೆತ್ತ ಮಗುವನ್ನೇ ಒಳಗೆ ತೂರಿಸಿ ಜಾಗ ಹಿಡಿಯುವುದು ನಮ್ಮ ಕಡೆ ಎಲ್ಲರೂ ಒಪ್ಪಿಕೊಂಡ ಪದ್ಧತಿ. ಹೊನ್ನಯ್ಯನವರೊಬ್ಬರು ಒಪ್ಪಿಕೊಂಡಿರಲಿಲ್ಲ. ಮಗುವನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಬಂದ ಕಿಟಕಿಯಿಂದಲೇ ಆಚೆಗೆ ಎಸೆಯುತ್ತಿದ್ದರು. "ಸೀಟು ಕುಂತೋರ್ದು ಕಣಯ್ಯ, ಟವಲ್ದಲ್ಲ" ಎನ್ನುತ್ತಿದ್ದರು. ಟವೆಲ್ಲಿನ ಯಜಮಾನ ಗೊಣಗುತ್ತಾ ಅದನ್ನು ಹೆಕ್ಕಿಕೊಂಡು ಬರುವಷ್ಟರಲ್ಲಿ ಅಲ್ಲಿ ಬೇರೆ ಯಾರೋ ಕೂತಿರುತ್ತಿದ್ದರು.

ಇನ್ನೊಂದು ಚಾಳಿಯೂ ಇತ್ತು. ಬಸ್ಸಿಗೆ ಹತ್ತಿದವರು ತಾವು ಹೋಗುವ ಊರಿನ ಹೆಸರು ಹೇಳಿ ಕೈಚಾಚುವುದು ವಾಡಿಕೆ. ಹೊನ್ನಯ್ಯನವರು ಅಷ್ಟಕ್ಕೆಲ್ಲ ಟಿಕೆಟ್ ಕೊಡುವವರಲ್ಲ. "ಎಲ್ಲಿಗೆ ಅನ್ನದು ಆಮೇಲಾಯ್ತು. ಎಲ್ಲಿಂದ ಅತ್ತಿದ್ರಿ, ಅದನ್ನೇಳಿ ಮೊದ್ಲು." ಈಗ ತಾನೇ ಅವರ ಕಣ್ಣೆದುರಿಗೇ ಹತ್ತಿದವರಾದರೂ ಸರಿಯೇ, ಬಾಯಿಬಿಟ್ಟು ಹೇಳಬೇಕು. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲೂ ಅವರು ಈ ಪ್ರಶ್ನೆ ಬಿಡಲಿಲ್ಲ. ಸೊನ್ನೆ ರೂಪಾಯಿಯ ಟಿಕೆಟ್ಟೂ ಒಂದು ಊರಿನಿಂದ ಶುರುವಾಗಲೇಬೇಕಲ್ಲ.

ಅಂಥವರು ನಿವೃತ್ತರಾಗಿ ಶಾಂತಿಗ್ರಾಮದ ಮನೆಯ ಜಗಲಿ ಮೇಲೆ ಕೂತರೆ ಮನೆಯವರ ಪಾಡೇನಾಗಬೇಕು? ಹಸು ಕೊಟ್ಟಿಗೆಯಿಂದ ಹೊರಗೆ ಬರಲು ಒಂದು ಸೀಟಿ, ಒಳಗೆ ಹೋಗಲು ಎರಡು ಸೀಟಿ ಎಂದು ಅಭ್ಯಾಸ ಮಾಡಿಸಹೊರಟರು. ಹಸು ಕಲಿಯಲಿಲ್ಲ, ಹೆಂಡತಿ ಬೈರಮ್ಮನವರಿಗೆ ತಲೆನೋವು ಬಂತು. ಕೊನೆಗೆ ಮಂಚದ ಕೆಳಗಿದ್ದ ಕೀಬೋರ್ಡ್ ಅವರ ಕೈಗೆ ಸಿಕ್ಕಿದ್ದು ಇಡೀ ಬೀದಿಯ ಪುಣ್ಯ. ಮಗ ಸುದರ್ಶನ ಕಾಲೇಜಿನಲ್ಲಿದ್ದಾಗ ಆರ್ಕೆಸ್ಟ್ರಾ ಕಟ್ಟುತ್ತೇನೆಂದು ತಂದು, ಹಾಲಿನ ಡೇರಿಯಲ್ಲಿ ಕೆಲಸ ಸಿಕ್ಕ ಮೇಲೆ ಮರೆತುಬಿಟ್ಟದ್ದು ಅದು. ಬೈರಮ್ಮ ಅದರ ಪೆಟ್ಟಿಗೆಯ ಮೇಲೆ ವರ್ಷಾ ವರ್ಷಾ ಸಂಡಿಗೆ ಒಣಗಿಸುತ್ತಿದ್ದರು. ಊರಿನ ಭಜನೆಯಲ್ಲಿ ಹಾಡುತ್ತಿದ್ದ ಹೊನ್ನಯ್ಯನವರಿಗೆ ಸ್ವರಜ್ಞಾನ ತಕ್ಕಮಟ್ಟಿಗೆ ಇತ್ತು. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುತ್ತಾ ಕೂತರು.

"ಆಸ್ನದಾಗೆ ಯೋಳ್ಕೊಡ್ತಾರಂತೆ, ಓಗಿ ಕಲ್ಕಬನ್ನಿ" ಎಂದರು ಬೈರಮ್ಮ. "ಅಷ್ಟೊತ್ತಾದ್ರೂ ಅಸ ನೆಮ್ಮದಿಯಾಗಿ ಮೇವು ತಿನ್ಲಿ."

ಹಾಗೆ ಅವರು ಹಾಸನದ ರೂಪಶ್ರೀ ಮೇಡಂ ಅವರ ಭಾನುವಾರದ ಕ್ಲಾಸಿಗೆ ಸೇರಿದರು. ಕ್ಲಾಸಿನಲ್ಲಿ ಮೀಸೆ ಇದ್ದವರು ಇವರೊಬ್ಬರೇ. ಮಿಕ್ಕವರೆಲ್ಲ ಸ್ಕೂಲಿನ ಮಕ್ಕಳು. ಅವರ ಪೈಕಿ ಅನುಶ್ರೀ ಎಂಬ ಐದನೇ ಕ್ಲಾಸಿನ ಹುಡುಗಿ ಅಜ್ಜಿ ಜಯಲಕ್ಷ್ಮಮ್ಮನ ಜೊತೆ ಚನ್ನರಾಯಪಟ್ಟಣದಿಂದ ಬರುತ್ತಿದ್ದಳು. ಅವಳು ಕೂತು ಬರುವ ಬಸ್ಸಿಗೇ ಹೊನ್ನಯ್ಯನವರು ಶಾಂತಿಗ್ರಾಮದಲ್ಲಿ ಹತ್ತುತ್ತಿದ್ದರು. ಮೊದಲ ವಾರ ಕಂಬಿ ಹಿಡಿದು ನಿಂತಿದ್ದರು. ಎರಡನೆಯ ವಾರ ಇಬ್ಬರ ಕೈಯಲ್ಲೂ ಒಂದೇ ಪುಸ್ತಕ ಇರುವುದು ಕಂಡು ಮಾತಿಗೆ ಮಾತು ಬೆಳೆಯಿತು. ಆಮೇಲೆ ಅಜ್ಜಿ ಹಿಂದಿನ ಸೀಟಿಗೆ ಹೋಗಿ ಕಣ್ಣುಮುಚ್ಚುವುದು, ತಾತ ಮೊಮ್ಮಗಳಂತೆ ಇವರಿಬ್ಬರೂ ಮುಂದೆ ಕೂತು ಪುಸ್ತಕ ಬಿಚ್ಚುವುದು ರೂಢಿಯಾಯಿತು. ಅವಳಿಗೆ ಬಸ್ಸಿನ ಕತೆ ಬೇಕು, ಇವರಿಗೆ ಪುಸ್ತಕದ ಗೆರೆ ತಿಳಿಯಬೇಕು. ಮಗಳ ಮಕ್ಕಳು ದೂರದಲ್ಲಿದ್ದ ಹೊನ್ನಯ್ಯನವರಿಗೆ ಅವಳ ಆ ಮುಕ್ಕಾಲು ಪಾಲು ಹಲ್ಲಿನ ನಗು ಬಲು ಇಷ್ಟವಾಗಿತ್ತು.

ಪಾಶ್ಚಾತ್ಯ ಸಂಗೀತ ಬರೆಯುವುದು ಐದು ಗೆರೆಗಳ ಮೇಲೆ. ಗೆರೆ ಮೇಲೊಂದು ಬೊಟ್ಟು, ಗೆರೆ ಸಂದಿಯಲ್ಲೊಂದು ಬೊಟ್ಟು. ಸಾಲಿನ ತಲೆಯಲ್ಲಿ ಜಿಲೇಬಿ ಹಾಕುವವನು ಕೈತಪ್ಪಿ ಉದ್ದಕ್ಕೆ ಎಳೆದಂಥ ಒಂದು ಗುರುತು. ಇದಕ್ಕೆ ಟ್ರೆಬಲ್ ಕ್ಲೆಫ್ ಅನ್ನುತ್ತಾರೆ, ಇದರ ಸುರುಳಿ ಕೆಳಗಿನಿಂದ ಎರಡನೇ ಗೆರೆಯನ್ನು ಸುತ್ತಿಕೊಂಡಿದೆ ನೋಡಿ, ಆ ಗೆರೆ ಜಿ ಎಂಬ ಸ್ವರ, ಅಲ್ಲಿಂದ ಹಿಂದೆ ಮುಂದೆ ಎಣಿಸಿಕೊಳ್ಳಿ ಎಂದು ರೂಪಶ್ರೀ ಮೊದಲ ದಿನವೇ ಹೇಳಿದ್ದಳು. ಹೊನ್ನಯ್ಯನವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾವು ಕಾಗದದ ತಲೆಯಲ್ಲಿ 'ಶ್ರೀ' ಬರೆಯುವುದಿಲ್ಲವೇ, ಹಾಗೆ ಅವರೂ ಏನೋ ಶುಭಕ್ಕೆ ಹಾಕಿಕೊಳ್ಳುತ್ತಾರೆ ಎಂದುಕೊಂಡರು. ಕೆಳಗಿನ ಗೆರೆ ಇ, ಅದರ ಮೇಲಿನದು ಜಿ, ಆಮೇಲೆ ಬಿ, ಡಿ, ಎಫ್. ರೂಟಿನ ಊರುಗಳನ್ನು ಉರು ಹೊಡೆದ ತಲೆಗೆ ಇದ್ಯಾವ ಲೆಕ್ಕ! ತಿಂಗಳೊಪ್ಪತ್ತಿನಲ್ಲಿ ಬಲಗೈ ಸರಾಗವಾಗಿ ಓಡತೊಡಗಿತು.

ಕ್ಲಾಸಿನ ವಾರ್ಷಿಕೋತ್ಸವ ಹತ್ತಿರ ಬಂತು. ಒಂದೇ ಕೀಬೋರ್ಡಿನ ಮುಂದೆ ಇಬ್ಬರು ಕೂತು ನುಡಿಸುವ ಒಂದು ಪಾಠವನ್ನು ರೂಪಶ್ರೀ ಆರಿಸಿದಳು. ಮೇಲಿನ ಸಾಲು ಅನುಶ್ರೀಗೆ, ಕೆಳಗಿನ ಸಾಲು ಹೊನ್ನಯ್ಯನವರಿಗೆ. ಅನುಶ್ರೀ ವೇದಿಕೆ ಹತ್ತುವುದು ಅದೇ ಮೊದಲು. "ತಾತ ಪಕ್ಕದಲ್ಲಿದ್ರೆ ನಂಗೆ ಭಯ ಆಗಲ್ಲ ಮಿಸ್" ಎಂದು ಅವಳೇ ಕೇಳಿಕೊಂಡಿದ್ದಳು. ಇದನ್ನು ಹೊನ್ನಯ್ಯನವರು ಊರಿನಲ್ಲಿ ಯಾರಿಗೆ ಹೇಳಲಿಲ್ಲ ಎಂದು ಕೇಳಬೇಕು.

ಅಷ್ಟರಲ್ಲಿ ರೂಪಶ್ರೀಗೆ ಅರಕಲಗೂಡಿನಲ್ಲಿ ತಂಗಿಯ ಮದುವೆ. "ಕೆಳಗಿನ ಸಾಲು ನಿಮಗೆ ಹೊಸದು ಸಾರ್. ನಾನು ಬಂದಮೇಲೆ ಹೇಳಿಕೊಡ್ತೀನಿ, ಅಲ್ಲಿವರೆಗೆ ಸುಮ್ಮನೆ ನೋಡ್ಕೊಂಡಿರಿ" ಎಂದು ಹೇಳಿ ಹೋದಳು. ಸುಮ್ಮನೆ ಇರುವುದು ಹೊನ್ನಯ್ಯನವರಿಂದ ಆಗುವ ಕೆಲಸವಾಗಿದ್ದರೆ ಅವರು ಈ ಕ್ಲಾಸಿಗೆ ಯಾಕೆ ಬರುತ್ತಿದ್ದರು? ಮನೆಗೆ ಬಂದು ಹಾಳೆ ಹರಡಿಕೊಂಡರು. ಐದು ಗೆರೆ ಅವೇ, ಬೊಟ್ಟುಗಳೂ ಅವೇ. ತಲೆಯ ಗುರುತು ಮಾತ್ರ ಬೇರೆ. ಮನುಷ್ಯನ ಕಿವಿಯಂತೆ ಬಾಗಿಕೊಂಡು ಪಕ್ಕದಲ್ಲಿ ಎರಡು ಚುಕ್ಕೆ ಇಟ್ಟುಕೊಂಡಿತ್ತು.

ಹೊನ್ನಯ್ಯನವರು ಸ್ವಲ್ಪ ಹೊತ್ತು ಮೀಸೆ ತಿರುವಿದರು. ಥಟ್ಟನೆ ಹೊಳೆಯಿತು. ಭಜನೆಯಲ್ಲಿ ಹೆಂಗಸರು ಮೇಲೆ ಹಾಡುತ್ತಾರೆ, ಗಂಡಸರು ಅದನ್ನೇ ಮಂದ್ರದಲ್ಲಿ ಹಾಡುತ್ತಾರೆ. ಸ್ವರ ಅವೇ, ಗಂಟಲು ಬೇರೆ. ಇದೂ ಅಷ್ಟೇ. ಜಿಲೇಬಿ ಗುರುತು ಹೆಣ್ಣುಮಕ್ಕಳಿಗೆ, ಕಿವಿ ಗುರುತು ಗಂಡಸರಿಗೆ. ಅದೇ ಇ, ಜಿ, ಬಿ, ಡಿ, ಎಫ್, ಕೀಬೋರ್ಡಿನ ಎಡಗಡೆಗೆ ಸರಿದು ಒತ್ತಿದರೆ ಮುಗಿಯಿತು. ತಮ್ಮ ಬುದ್ಧಿಗೆ ತಾವೇ ಮೆಚ್ಚಿಕೊಂಡು, ಹೊತ್ತು ಮೂಡುವ ಮೊದಲೇ ಎದ್ದು ಸಾಧಕ ಮಾಡಿದರು.

"ಅದ್ಯಾಕಂಗೆ ಮುನಿಸ್ಕಂಡಂಗದೆ ಅದು?" ಎಂದು ಬೈರಮ್ಮ ಒಲೆಯ ಮುಂದಿನಿಂದ ಕೇಳಿದರು. "ಮದ್ವೆ ಮನೇಲಿ ಯಾರೋ ಅತ್ತಂಗೆ."

"ಇಂಗ್ಲಿಸ್ ಸಂಗೀತ ಕಣಮ್ಮಿ, ಅದು ಅಂಗೇಯ."

ಮುಂದಿನ ಭಾನುವಾರ ರೂಪಶ್ರೀ ಇನ್ನೂ ಬಂದಿರಲಿಲ್ಲ. ಮಕ್ಕಳು ಸಾಧಕ ಮಾಡಲಿ ಎಂದು ಅವಳ ತಾಯಿ ಪುಷ್ಪಾವತಿಯವರು ಕೋಣೆ ತೆಗೆದುಕೊಟ್ಟು ಕಾಫಿ ಕಾಸಲು ಹೋದರು. ಅನುಶ್ರೀ ಬೆಂಚಿನ ಬಲಕ್ಕೆ, ಹೊನ್ನಯ್ಯನವರು ಎಡಕ್ಕೆ. ಅವಳು ತಲೆಯಾಡಿಸಿ ಶುರುಮಾಡಿದಳು, ಇವರೂ ಹೊರಟರು. ನಾಲ್ಕು ಮಾರು ಹೋಗುವಷ್ಟರಲ್ಲಿ ಎರಡು ಸಾಲುಗಳೂ ಒಂದಕ್ಕೊಂದು ಕೆಸರೆರಚಿಕೊಂಡು ನಿಂತವು. ಮತ್ತೊಮ್ಮೆ ನುಡಿಸಿದರು. ಅದೇ ಹಾಡು, ಅದೇ ಪಾಡು.

"ತಾತ, ನಿಮ್ಮದು ತಪ್ಪು" ಎಂದಳು ಅನುಶ್ರೀ. "ಕೆಳಗಿನ ಗೆರೆ ಇ ಅಲ್ಲ, ಜಿ. ಇಲ್ಲಿ ಎಲ್ಲಾ ಬೇರೆ."

"ಗೆರೆ ಎಂಗವ್ವ ಬೇರೆ ಆಯ್ತದೆ? ಐದೇ ತಾನೆ ಇರದು?"

"ಕ್ಲೆಫ್ ಬೇರೆ ಅಲ್ವಾ ತಾತ?"

"ಅದು ಗಂಡಸ್ರ ಗುರ್ತು ಕಣವ್ವ. ನಿಂಗೆ ತಿಳಿಯಕಿಲ್ಲ."

ಮೂಲೆಯಲ್ಲಿದ್ದ ಹುಡುಗರು ಕಿಸಕ್ಕೆಂದರು. ಅನುಶ್ರೀಯೂ ನಕ್ಕುಬಿಟ್ಟಳು. ಅಲ್ಲಿಗೆ ಹೊನ್ನಯ್ಯನವರ ಪಿತ್ತ ನೆತ್ತಿಗೇರಿತು. ಜನತುಂಬಿದ ಬಸ್ಸಿನಲ್ಲಿ ಯಾರೊಬ್ಬರೂ ಅವರನ್ನು ನೋಡಿ ನಕ್ಕಿರಲಿಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರಿಗೆ ಹೇಳುತ್ತಿದ್ದ ಮಾತು, ಅದೇ ದನಿಯಲ್ಲಿ, ತಡೆಯುವುದರೊಳಗೆ ಬಾಯಿಂದ ಹೊರಬಿತ್ತು.

"ಸರಿಯಾಗಿ ಬರೋದಾದ್ರೆ ಬಾ. ಇಲ್ದಿದ್ರೆ ಇಳಿ ಕೆಳೀಕೆ!"

ಅನುಶ್ರೀ ಇಳಿದಳು. ತನ್ನ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಗೋಡೆಗೊರಗಿ ಕೂತಿದ್ದ ಅಜ್ಜಿಯ ಸೆರಗು ಹಿಡಿದು ಹೊರಟಳು. ಬಾಗಿಲ ಹತ್ತಿರ ಅವಳ ಕೆಳತುಟಿ ನಡುಗಿದ್ದನ್ನು ಹೊನ್ನಯ್ಯನವರು ನೋಡಿದರು. ಪುಷ್ಪಾವತಿಯವರು ತಂದಿಟ್ಟ ಕಾಫಿ ಆರಿಹೋಯಿತು.

ಆ ವಾರವೆಲ್ಲ ಅವರು ತಮ್ಮ ಪರವಾಗಿ ತಾವೇ ವಾದ ಮಾಡಿಕೊಂಡರು. ದೊಡ್ಡವರು ಒಂದು ಮಾತು ಅಂದರೆ ಏನಾಯಿತು, ಭಾನುವಾರ ಬಸ್ಸಿನಲ್ಲಿ ಸಿಗುತ್ತಾಳಲ್ಲ, ಒಂದು ಕಡಲೆಮಿಠಾಯಿ ಕೊಟ್ಟರೆ ಸರಿಹೋಗುತ್ತದೆ. ಭಾನುವಾರ ಬಂತು. ಮಿಠಾಯಿ ಜೇಬಿನಲ್ಲಿತ್ತು. ಬಸ್ಸು ಬಂದಾಗ ಆ ಸೀಟಿನಲ್ಲಿ ಯಾರೋ ಬೆಳ್ಳುಳ್ಳಿ ಮೂಟೆ ಇಟ್ಟುಕೊಂಡು ಕೂತಿದ್ದರು.

ಕ್ಲಾಸಿನಲ್ಲಿ ರೂಪಶ್ರೀ ಇದ್ದಳು. ಮದುವೆಯ ಮೆಹಂದಿ ಇನ್ನೂ ಮಾಸದ ಕೈಯಲ್ಲಿ ಕೆಳಗಿನ ಸಾಲನ್ನು ಅವಳು ನುಡಿಸಿ ತೋರಿಸಿದಳು. ಹೊನ್ನಯ್ಯನವರು ನುಡಿಸಿಕೊಂಡಿದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮುನಿಸು ಇಲ್ಲ, ಅಳು ಇಲ್ಲ, ಕುಣಿಯುವಂತಿತ್ತು.

"ಸಾರ್, ಮಗು ಹೇಳಿದ್ದೇ ಸರಿ" ಎಂದಳು ಮೆಲ್ಲಗೆ. "ಇದು ಬೇಸ್ ಕ್ಲೆಫ್. ಈ ಎರಡು ಚುಕ್ಕೆ ಮಧ್ಯೆ ಇರೋ ಗೆರೆ ಎಫ್. ಅಲ್ಲಿಂದ ಎಣಿಸಬೇಕು. ಆಗ ಕೆಳಗಿನ ಗೆರೆ ಜಿ ಆಗುತ್ತೆ."

"ಐದು ಗೆರೆ ಅವೇ ಅಲ್ವಾ ಮೇಡಮ್ಮೋರೆ?" ಹೊನ್ನಯ್ಯನವರ ದನಿ ಸಣ್ಣದಾಗಿತ್ತು.

"ಗೆರೆಗೆ ಅದರದ್ದೇ ಅಂತ ಹೆಸರಿಲ್ಲ ಸಾರ್. ಕ್ಲೆಫ್ ಹೇಳಿದ್ದೇ ಹೆಸರು." ಅವಳು ಹಾಳೆ ಮಡಿಸಿಟ್ಟು ಹೇಳಿದಳು, "ಅನುಶ್ರೀ ಇನ್ನು ಬರಲ್ವಂತೆ. ಅವರಜ್ಜಿ ಫೋನ್ ಮಾಡಿದ್ರು. ಸ್ಟೇಜೂ ಬೇಡ, ಕ್ಲಾಸೂ ಬೇಡ ಅಂತಿದಾಳಂತೆ. ಮುಂದಿನ ಭಾನುವಾರ ಕಾರ್ಯಕ್ರಮ. ನಿಮ್ಮಿಬ್ಬರದ್ದು ತೆಗೆದುಬಿಡ್ತೀನಿ ಬಿಡಿ."

ಕಾರ್ಯಕ್ರಮ ತೆಗೆದರೆ ತೆಗೆಯಲಿ. ಕ್ಲಾಸೂ ಬೇಡ ಎಂದ ಮಾತು ಹೊನ್ನಯ್ಯನವರ ಎದೆಗೆ ನಾಟಿತು. ಇಷ್ಟು ವರ್ಷ ಬಸ್ಸಿನಿಂದ ಎಷ್ಟೋ ಜನರನ್ನು ಇಳಿಸಿದ್ದರು. ಟಿಕೆಟ್ ಇದ್ದವರನ್ನು ಇಳಿಸಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರ್ ಅನಿಲ್‌ಕುಮಾರ್, ಇವರ ಕೈಕೆಳಗೆ ಕೆಲಸ ಕಲಿತ ಹುಡುಗ. ಇವರಿಗೆ ಶಾಂತಿಗ್ರಾಮದ ಟಿಕೆಟ್ ಕೊಟ್ಟು, ಮುಂದಿನ ಸೀಟಿನ ಮುದುಕಿಯ ಹತ್ತಿರ ಹೋಗಿ ಸಿಕ್ಕಿಹಾಕಿಕೊಂಡ. ಮಾಯಮ್ಮ ಎಂಬ ಆಕೆ ಮಗಳ ಹೊಸ ಮನೆ ನೋಡಲು ಹೊರಟಿದ್ದಳು. ಊರಿನ ಹೆಸರು ಮರೆತಿತ್ತು.

"ಎರಡ್ನೇ ಸ್ಟಾಪ್‌ನಾಗೆ ಇಳ್ಕವ್ವ ಅಂದವಳೆ ಕಣಪ್ಪ. ಎರಡ್ನೇದು ಬಂದೇಟ್ಗೆ ಇಳಿಸ್ಬುಡು."

"ಎರಡ್ನೇ ಸ್ಟಾಪಲ್ಲಿ ಬರೀ ಹೊಲ ಐತೆ ಕಣಜ್ಜಿ. ಮನೆ ಎಲ್ಲೈತೆ ಅಲ್ಲಿ?"

"ಎರಡ್ನೇದು ಅಂದ್ರೆ ಎರಡ್ನೇದು ಕಣಪ್ಪ. ನನ್ ಮಗಳು ಸುಳ್ಳು ಯೋಳಾಳಾ?"

ವಾದ ಜೋರಾಯಿತು. ಎಷ್ಟೇ ಬೇಜಾರಿನಲ್ಲಿದ್ದರೂ ಬಸ್ಸಿನೊಳಗಿನ ವ್ಯಾಜ್ಯಕ್ಕೆ ಬಾಯಿ ಹಾಕದೆ ಇರುವುದು ಹೊನ್ನಯ್ಯನವರ ಜಾಯಮಾನವಲ್ಲ.

"ನಿನ್ ಮಗಳು ದಿನಾ ಮನೇಗೆ ಯಾವ್ ಕಡೆಯಿಂದ ಬಸ್ ಅತ್ತಾಳವ್ವ?"

"ಚನ್ರಾಯಪಟ್ಣದಿಂದ. ಅಲ್ಲಿ ಬಟ್ಟೆ ಅಂಗ್ಡೀಲಿ ಕೆಲ್ಸ."

"ಅಂಗಾರೆ ಅವಳು ಎಣಿಸಿರದು ಅಲ್ಲಿಂದ. ನೀನು ಎಣಿಸ್ತಿರದು ಆಸ್ನದಿಂದ. ಇಬ್ರುದೂ ಎರಡ್ನೇದೇಯ, ಊರು ಮಾತ್ರ ಬೇರೆ. ಎಲ್ಲಿಂದ ಅತ್ತಿದ್ದು ಅನ್ನದನ್ನ ಮೊದ್ಲು..."

ಅಲ್ಲಿಗೆ ಅವರ ಮಾತು ನಿಂತಿತು. ಬಾಯಿ ತೆರೆದೇ ಇತ್ತು. ಅನಿಲ್‌ಕುಮಾರ್ ಗಾಬರಿಯಾಗಿ, "ಸಾ, ಏನಾಯ್ತು ಸಾ, ನೀರು ಬೇಕಾ?" ಎಂದ.

ನೀರು ಬೇಕಾಗಿರಲಿಲ್ಲ. ಜಿಲೇಬಿ ಗುರುತು 'ಶ್ರೀ' ಅಲ್ಲ, ಕಿವಿ ಗುರುತು ಗಂಡಸರದ್ದಲ್ಲ. ಎರಡೂ ಒಂದೇ ಪ್ರಶ್ನೆಗೆ ಉತ್ತರ. ಎಲ್ಲಿಂದ ಹತ್ತಿದ್ರಿ? ಒಂದು ಜಿಯಿಂದ ಹತ್ತಿದ್ದು, ಇನ್ನೊಂದು ಎಫ್‌ನಿಂದ. ಗೆರೆಗಳು ಸ್ಟಾಪುಗಳು, ಎಲ್ಲಿಂದ ಎಣಿಸುತ್ತೇವೋ ಹಾಗೆ ಅವುಗಳ ಹೆಸರು. ಊರಿಗೆಲ್ಲ ಕೇಳಿದ ಪ್ರಶ್ನೆಯನ್ನು ತಾನು ಆ ಹಾಳೆಗೆ ಕೇಳಲಿಲ್ಲ! ಹೊನ್ನಯ್ಯನವರು ತೊಡೆ ತಟ್ಟಿಕೊಂಡು ಗಟ್ಟಿಯಾಗಿ ನಕ್ಕರು. ನಗು ಮುಗಿಯುವುದರೊಳಗೆ ಅನುಶ್ರೀಯ ಆ ಕೆಳತುಟಿ ನೆನಪಾಯಿತು. ನಗು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಶಾಂತಿಗ್ರಾಮ ಬಂತು. ಅನಿಲ್‌ಕುಮಾರ್ ಸೀಟಿ ಊದಿದ. ಹೊನ್ನಯ್ಯನವರು ಏಳಲಿಲ್ಲ. "ಇಲ್ಲಿಂದ ಚನ್ರಾಯಪಟ್ಣಕ್ಕೆ ಒಂದು ಕೊಡ್ಲಾ" ಎಂದರು.

ರೂಪಶ್ರೀಗೆ ಫೋನ್ ಮಾಡಿ ವಿಳಾಸ ಕೇಳಿಕೊಂಡಿದ್ದರಿಂದ ಜಯಲಕ್ಷ್ಮಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಆಕೆ ಬಾಗಿಲು ತೆಗೆದು, ಬನ್ನಿ ಎಂದರು, ಆದರೆ ಮುಖದಲ್ಲಿ ಬನ್ನಿ ಎನ್ನುವುದು ಇರಲಿಲ್ಲ. ಅನುಶ್ರೀ ಒಳಮನೆಯ ಪರದೆಯ ಹಿಂದೆ ಇದ್ದಳು. ಪರದೆಯ ಕೆಳಗೆ ಅವಳ ಪಾದಗಳು ಕಾಣುತ್ತಿದ್ದವು. ಹೊನ್ನಯ್ಯನವರು ಕುರ್ಚಿಯಲ್ಲಿ ಕೂರದೆ ನಿಂತೇ ಆ ಪಾದಗಳಿಗೆ ಹೇಳಿದರು.

"ಅವ್ವ, ನಂದೇ ತಪ್ಪು. ನೀನು ಯೋಳಿದ್ದು ಸರಿ. ನೀನು ಸರಿ ಯೋಳ್ತಿದ್ರೂವೆ ನಾನು ನಿನ್ನ ಇಳಿ ಅಂದ್ಬುಟ್ಟೆ. ಅಂಗ್ ಅನ್ಬಾರ್ದಾಗಿತ್ತು. ತಪ್ಪಾಯ್ತು ಕಣವ್ವ."

ಪಾದಗಳು ಅಲ್ಲಾಡಲಿಲ್ಲ. ಜಯಲಕ್ಷ್ಮಮ್ಮ ಮಾತ್ರ ಮುಖ ಸಡಿಲಿಸಿ, "ಅಯ್ಯೋ, ಕೂತ್ಕೊಳಿ ಅಣ್ಣ, ಮಗೂಗೆ ಅಷ್ಟೆಲ್ಲ ಹೇಳ್ಬೇಕಾ" ಎಂದರು.

"ಯೋಳ್ಬೇಕು ತಾಯಿ. ಮಗೂನ ತಾನೆ ಇಳಿಸಿದ್ದು."

ಸ್ವಲ್ಪ ಹೊತ್ತಾದ ಮೇಲೆ ಪರದೆ ಸರಿಯಿತು. ಅನುಶ್ರೀ ಕೈಯಲ್ಲಿ ಪುಸ್ತಕ ಹಿಡಿದು ಬಂದಳು. ಮುಖ ಇನ್ನೂ ಬಿಗಿದುಕೊಂಡೇ ಇತ್ತು. ಒಂದು ಪುಟ ತೆಗೆದು ಇವರ ಮುಂದೆ ಹಿಡಿದಳು. ಸಾಲಿನ ತಲೆಯ ಗುರುತು ಮುಚ್ಚುವ ಹಾಗೆ ಎಡಗೈ ಹೆಬ್ಬೆರಳು ಇಟ್ಟಿದ್ದಳು. ಬಲಗೈ ಬೆರಳಿನಿಂದ ಕೆಳಗಿನ ಗೆರೆಯ ಮೇಲಿನ ಬೊಟ್ಟನ್ನು ತೋರಿಸಿ ಕೇಳಿದಳು, "ಇದೇನು?"

ಹೊನ್ನಯ್ಯನವರು ಬಗ್ಗಿ ನೋಡಿದರು. ಇ ಎನ್ನುವುದು ಬಾಯಿಗೆ ಬಂತು. ಜಿ ಎನ್ನುವುದೂ ಬಂತು. ಆಮೇಲೆ ಆ ಪುಟ್ಟ ಹೆಬ್ಬೆರಳನ್ನು ನೋಡಿದರು.

"ಬೆರಳು ತಗಿಯವ್ವ" ಎಂದರು. "ಎಲ್ಲಿಂದ ಅತ್ತಿದೀಯ ಅಂತ ತಿಳೀದೆ ನಾನು ಟಿಕೆಟ್ ಕೊಡಕಿಲ್ಲ."

ಅನುಶ್ರೀ ಬೆರಳು ತೆಗೆಯಲಿಲ್ಲ. ಆದರೆ ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ಪುಸ್ತಕ ಮುಚ್ಚಿ ಒಳಗೆ ಹೋದಳು. ಬರ್ತೀಯಾ ಎಂದು ಇವರು ಕೂಗಿ ಕೇಳಿದ್ದಕ್ಕೆ ಒಳಗಿನಿಂದ "ನೋಡ್ತೀನಿ" ಎಂಬ ಉತ್ತರ ಬಂತು. ಕಡಲೆಮಿಠಾಯಿ ಜೇಬಿನಲ್ಲೇ ಉಳಿದಿತ್ತು.

ನೋಡ್ತೀನಿ ಎನ್ನುವ ಮಾತಿನ ಮೇಲೆ ಒಂದು ವಾರ ಬದುಕುವುದು ಎಂದರೆ ಏನೆಂದು ಬೈರಮ್ಮನನ್ನು ಕೇಳಬೇಕು. ಊಟಕ್ಕೆ ಕೂತರೂ ಅದೇ, ಹಾಲು ಕರೆದರೂ ಅದೇ. ನಮ್ಮಿಬ್ಬರದ್ದು ತೆಗೆಯಬೇಡಿ, ಕಾರ್ಯಕ್ರಮದ ದಿನದವರೆಗೂ ಇರಲಿ ಎಂದು ಹೊನ್ನಯ್ಯನವರು ರೂಪಶ್ರೀಗೆ ಫೋನ್ ಮಾಡಿ ಬೇಡಿಕೊಂಡರು. ಕಿವಿ ಗುರುತಿನ ಎರಡು ಚುಕ್ಕೆಗಳಿಂದ ಎಣಿಸಿ ಎಣಿಸಿ ಪಾಠವನ್ನು ಮೊದಲಿನಿಂದ ಕಲಿತರು. ಶನಿವಾರ ಬೈರಮ್ಮ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತರು. "ಈಗ ರಾಜಿ ಆದಂಗದೆ" ಎಂದರು.

"ಇದೇನೋ ರಾಜಿ ಆಯ್ತು. ಆ ಮಗು ರಾಜಿಯಾದ್ರೆ ಸಾಕು" ಎಂದರು ಹೊನ್ನಯ್ಯನವರು.

ಭಾನುವಾರ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಶಾಂತಿಗ್ರಾಮದ ಸ್ಟಾಪಿನಲ್ಲಿ ನಿಂತರು. ಚನ್ನರಾಯಪಟ್ಟಣದ ಕಡೆಯಿಂದ ಬಸ್ಸು ಕಂಡಿತು. ಬಸ್ಸು ಬಂದು ನಿಂತಿತು, ತುಂಬಿ ತುಳುಕುತ್ತಿತ್ತು. ಮುಹೂರ್ತದ ದಿನ, ಬಾಗಿಲವರೆಗೂ ರೇಷ್ಮೆ ಸೀರೆಗಳು. ಯಾವ ಕಿಟಕಿಯಲ್ಲೂ ಅವಳ ಮುಖ ಕಾಣಲಿಲ್ಲ. ಹತ್ತುವುದೋ ಬೇಡವೋ ಎಂದು ಅರೆಮನಸ್ಸಿನಲ್ಲಿ ಮೆಟ್ಟಿಲ ಮೇಲೆ ಕಾಲಿಟ್ಟರು.

ಒಳಗೆ ಜಗಳ ನಡೆಯುತ್ತಿತ್ತು. ಮದುವೆಗೆ ಹೊರಟ ದಪ್ಪನೆಯ ಯಜಮಾನರೊಬ್ಬರು ಗದರುತ್ತಿದ್ದರು, "ಅಲ್ಲ ಕಣಮ್ಮ, ಜನ ನಿಂತವ್ರೆ, ನೀನು ಕರ್ಚೀಪ್ ಹಾಕಿ ಸೀಟು ಹಿಡ್ಕಂಡ್ರೆ ಎಂಗೆ?"

"ಇಲ್ಲಿ ಬರೋರಿದಾರೆ!" ಹೊಸ ಲಂಗದ ಹುಡುಗಿಯೊಬ್ಬಳು ಪಕ್ಕದ ಸೀಟಿನ ಮೇಲೆ ಹರಡಿದ ಗುಲಾಬಿ ಕರ್ಚೀಫಿನ ಮೇಲೆ ಎರಡೂ ಕೈಗಳನ್ನು ಊರಿಕೊಂಡು, ಜಗ್ಗದೆ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಜಯಲಕ್ಷ್ಮಮ್ಮ ನಗು ತಡೆದುಕೊಂಡು ಕೂತಿದ್ದರು.

ಯಜಮಾನರು ತಿರುಗಿ ಹಳೆಯ ಕಂಡಕ್ಟರನ್ನು ಕಂಡು ಹಿಗ್ಗಿದರು. "ಓ, ಹೊನ್ನಯ್ಯನೋರು! ನೀವೇ ಯೋಳಿ ಸಾ. ನಿಮ್ ಗಾಡೀಲಿ ಇದೆಲ್ಲ ನಡೀತಿತ್ತಾ?"

ಇಡೀ ಬಸ್ಸು ಹೊನ್ನಯ್ಯನವರನ್ನೇ ನೋಡಿತು. ಅವರು ಕರ್ಚೀಫನ್ನು ನೋಡಿದರು. ಅನುಶ್ರೀ ಅದರ ಮೇಲಿನ ಕೈ ತೆಗೆದು ಕಿಟಕಿಯ ಕಡೆಗೆ ಸರಿದುಕೊಂಡಳು.

"ಹತ್ತಿ ಬನ್ನಿ ತಾತ" ಎಂದಳು.

ಹೊನ್ನಯ್ಯನವರು ಆ ಕರ್ಚೀಫನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ, ತಮ್ಮ ಬಿಳಿ ಶರ್ಟಿನ ಜೇಬಿನಲ್ಲಿಟ್ಟುಕೊಂಡು ಕೂತರು.